ತಿರುಗಿ ಬಂದ ನೀರು, ಉಳಿದು ಬಂದ ಮಾತು: ಗೂಡಲೂರಿನ ಟಿಪ್ಪಣಿಗಳು

ಹೆದ್ದಾರಿ ಬದಿ, ಬೆಳಿಗ್ಗೆ

ಗೂಡಲೂರಿಗೆ ಹೊರಟೆ ಎಂದಾಗ ಮೈಸೂರಿನ ಗೆಳೆಯರೆಲ್ಲ ಊಟಿ ದಾರಿಯ ಗೂಡಲೂರೆಂದೇ ತಿಳಿದರು. ಅದು ನೀಲಗಿರಿಯದು. ಇದು ತೇನಿ ಜಿಲ್ಲೆಯದು. ದಿಂಡಿಗಲ್ಲಿನಿಂದ ಕುಮಳಿಗೆ ಹೋಗುವ ಹೆದ್ದಾರಿಯಲ್ಲಿ ಕಂಬಂ ದಾಟಿದ ಮೇಲೆ, ಘಟ್ಟ ಹತ್ತುವುದಕ್ಕೆ ಮುಂಚೆ ಸಿಗುವ ಊರು. ಸುತ್ತ ಬೆಟ್ಟ, ನಡುವೆ ಗದ್ದೆ, ತೆಂಗು, ಬಾಳೆ, ದ್ರಾಕ್ಷಿ ಚಪ್ಪರ. ತೇಕ್ಕಡಿಯ ದೋಣಿಗೆ ಹೋಗುವವರೂ ಶಬರಿಮಲೆಗೆ ಹೋಗುವವರೂ ಇದನ್ನು ಹಾದೇ ಹೋಗುತ್ತಾರೆ. ನಿಲ್ಲುವುದು ಚಹಾಕ್ಕೆ ಮಾತ್ರ.

ಮಕರಜ್ಯೋತಿ ಮುಗಿಸಿ ಊರಿಗೆ ಮರಳುತ್ತಿದ್ದ ಮಾಲೆಧಾರಿಗಳ ವ್ಯಾನೊಂದು ಬಂದು ನಿಂತಿತು. ಕರ್ನಾಟಕದ ನೋಂದಣಿ. ಕಪ್ಪು ಪಂಚೆಯ ಹುಡುಗರು ಇಳಿದು ತಮಗೆ ಬಂದಷ್ಟು ತಮಿಳಿನಲ್ಲಿ ಚಹಾ ಕೇಳಿದರು. ಅಂಗಡಿಯ ಯಜಮಾನರು ತಮಿಳಿನಲ್ಲೇ ಲೆಕ್ಕ ಹೇಳಿದರು. ಕೈಸನ್ನೆಯಲ್ಲಿ ಚಿಲ್ಲರೆ ವ್ಯವಹಾರ ಮುಗಿಯಿತು, ವ್ಯಾನು ಹೊರಟಿತು. ಆಮೇಲೆ ಅವರು ಒಳಗೆ ತಿರುಗಿ ಹೆಂಡತಿಗೆ ಹೇಳಿದರು: "ಇನ್ನೊಂಚೂರು ಹಾಲು ಕಾಯ್ಸು."

ನಾನು ಲೋಟ ಕೆಳಗಿಟ್ಟೆ. ಜೊತೆಗೆ ಬಂದಿದ್ದ ಅಕ್ಕನ ಮಗಳು ನನ್ನ ಮುಖ ನೋಡಿದಳು.

"ಯಜಮಾನ್ರೇ, ನೀವು ಕನ್ನಡದವರಾ?"

"ಮನೆ ಮಾತು ಸಾರ್ ಅದು. ನಾವು ಇಲ್ಲಿಯವರೇ."

"ಮತ್ತೆ ಆ ಹುಡುಗರ ಜೊತೆ ಯಾಕೆ ಆಡಲಿಲ್ಲ?"

"ಅವ್ರು ಕೇಳ್ಳಿಲ್ಲವಲ್ಲ."

ಈ ಉತ್ತರವನ್ನು ಬರೆದುಕೊಂಡಿದ್ದೇನೆ. ಪ್ರತಿ ಕಾರ್ತಿಕ, ಮಾರ್ಗಶಿರ, ಪುಷ್ಯದಲ್ಲಿ ಕರ್ನಾಟಕದ ವಾಹನಗಳು ಸಾಲುಗಟ್ಟಿ ಈ ಊರನ್ನು ದಾಟುತ್ತವೆ. ಬೆಂಚಿನ ಈಚೆಗೊಂದು ಕನ್ನಡ, ಆಚೆಗೊಂದು ಕನ್ನಡ. ಎರಡೂ ತಮಿಳಿನಲ್ಲಿ ಮಾತಾಡಿ ಬೇರೆಯಾಗುತ್ತವೆ. ಎಷ್ಟು ವರ್ಷದಿಂದ ಹೀಗೆ ನಡೆದಿರಬಹುದು?

ಅದೇ ಅಂಗಡಿ, ಎರಡನೇ ಲೋಟ

ಅಕ್ಕನ ಮಗಳು ಇರುವುದು ಜಪಾನಿನ ಕನಾಜಾವಾದಲ್ಲಿ. ರಜೆಗೆ ಬಂದಿದ್ದಾಳೆ. ಅಲ್ಲಿ ಬಿಡುವು ಸಿಕ್ಕಾಗಲೆಲ್ಲ ನೋಟೋ ಎಂಬ ಪರ್ಯಾಯದ್ವೀಪಕ್ಕೆ ಹೋಗುತ್ತಾಳಂತೆ. ಜಪಾನ್ ಸಮುದ್ರಕ್ಕೆ ಚಾಚಿಕೊಂಡ ನೆಲ. ಬೆಟ್ಟದ ಮಗ್ಗುಲಲ್ಲಿ ಮೆಟ್ಟಿಲು ಗದ್ದೆ, ಕಡಲ ನೀರನ್ನು ಮರಳಿನ ಮೇಲೆ ಎರಚಿ ಒಣಗಿಸಿ ಉಪ್ಪು ತೆಗೆಯುವ ಹಳೆಯ ಕ್ರಮ, ಮೀನಿನಿಂದಲೂ ಸ್ಕ್ವಿಡ್‌ನಿಂದಲೂ ಹುಳಿಸಿ ಇಳಿಸುವ ಇಶಿರು ಎಂಬ ರಸ, ವಾಜಿಮಾ ಊರಿನ ಮುಂಜಾವದ ಸಂತೆ. ಲೋಕದ ನಾನಾ ಕಡೆಯ ಜನ ಅದನ್ನು ನೋಡಲು, ಉಣ್ಣಲು ಬರುತ್ತಾರೆ. 2011ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಆ ಪ್ರದೇಶವನ್ನು ಕೃಷಿ ಪರಂಪರೆಯ ತಾಣವೆಂದು ಗುರುತಿಸಿತು.

"ಮಾವ, ನಾನು ಅಷ್ಟು ದೂರ ಬಸ್ಸಿನಲ್ಲಿ ಕೂತು ನೋಡಕ್ಕೆ ಹೋಗೋದು ಇಂಥದನ್ನೇ ಅಲ್ವಾ? ಬೆಟ್ಟ, ಗದ್ದೆ, ಅಲ್ಲಿಯದೇ ಊಟ, ಅಲ್ಲಿಯದೇ ದೇವರು. ಇಲ್ಲಿ ಯಾಕೆ ಯಾರೂ ಇಳಿಯಲ್ಲ?"

ನನ್ನಲ್ಲಿ ಉತ್ತರವಿರಲಿಲ್ಲ. ಉಳಿಯಲು ತೇಕ್ಕಡಿಯಲ್ಲಿ ಕಾದಿರಿಸಿದ್ದ ಕೋಣೆಯನ್ನು ಬಿಟ್ಟುಕೊಟ್ಟು ಇಲ್ಲೇ ಉಳಿದೆವು.

ಊರೊಳಗೆ

ಅಂಗಡಿಯ ಯಜಮಾನರಂತೆ ಮನೆಯಲ್ಲಿ ಕನ್ನಡ ಆಡುವ ಇಲ್ಲಿನ ಜನರನ್ನು ಸುತ್ತಲಿನವರು ಕಪ್ಪಿಲಿಯರ್ ಎನ್ನುತ್ತಾರೆ, ಒಕ್ಕಲಿಗರ್ ಎಂದೂ ಹೇಳುತ್ತಾರೆ. ಬೇಸಾಯಗಾರರು, ದನಗಾಹಿಗಳು. 1906ರಲ್ಲಿ ಡಬ್ಲ್ಯೂ. ಫ್ರಾನ್ಸಿಸ್ ಬರೆದ ಮದುರೆ ಜಿಲ್ಲೆಯ ಗೆಜೆಟಿಯರಿನಲ್ಲೂ 1909ರಲ್ಲಿ ಬಂದ ಎಡ್ಗರ್ ಥರ್ಸ್ಟನ್ನನ ಸಂಪುಟಗಳಲ್ಲೂ ಇವರ ಹೆಸರಿದೆ, ಕಂಬಂ ಕಣಿವೆಯ ಕನ್ನಡ ರೈತರೆಂದೇ ಇದೆ. ತುಂಗಭದ್ರೆಯ ಕಡೆಯಿಂದ ಹೊರಟದ್ದು, ಹಿಂದೆ ಶತ್ರು, ಮುಂದೆ ತುಂಬಿದ ಹೊಳೆ, ಆಗ ದಡದ ಹೊಂಗೆ ಮರಗಳು ಬಾಗಿ ಸೇತುವೆಯಾದದ್ದು: ಈ ಕತೆ ಇವರಲ್ಲೂ ಇದೆ, ತೆಲುಗು ಆಡುವ ತೊಟ್ಟಿಯ ನಾಯಕರಲ್ಲೂ ಇದೆ. ವಿಜಯನಗರ ಮತ್ತು ಮದುರೆಯ ನಾಯಕರ ಕಾಲದಲ್ಲಿ ದಂಡಿನ ಹಿಂದೆ, ಹುಲ್ಲುಗಾವಲಿನ ಹಿಂದೆ ದಕ್ಷಿಣಕ್ಕೆ ಇಳಿದ ಜನಗಳ ನೆನಪು ಇಂಥ ಕತೆಗಳಲ್ಲಿ ಉಳಿದಿದೆ.

ಬಂದದ್ದು ನನಗೆ ಅಚ್ಚರಿಯಲ್ಲ. ಉಳಿದದ್ದು ಅಚ್ಚರಿ. ಶಾಲೆ ತಮಿಳಿನದು, ದೇವಸ್ಥಾನದ ಫಲಕ ತಮಿಳು, ಮದುವೆಯ ಕಾಗದ ತಮಿಳು, ಸಿನಿಮಾ ತಮಿಳು. ಕನ್ನಡದ ಒಂದು ಅಕ್ಷರವನ್ನೂ ಓದದ ತಾಯಿ ಮಗಳಿಗೆ ಕನ್ನಡ ಕೊಟ್ಟಿದ್ದಾಳೆ, ಅವಳು ತನ್ನ ಮಗಳಿಗೆ. ಹೀಗೆ ನೂರಾರು ವರ್ಷ. ಬೆಂಗಳೂರಿನಲ್ಲಿ ಪುಸ್ತಕ, ಪತ್ರಿಕೆ, ಸರ್ಕಾರ, ಇಲಾಖೆ ಎಲ್ಲ ಇದ್ದೂ ಮಕ್ಕಳ ಬಾಯಿಂದ ಕನ್ನಡ ಜಾರುತ್ತಿದೆ ಎಂದು ನಾವು ಸಭೆ ನಡೆಸುತ್ತೇವೆ. ಇವರು ಯಾವ ಸಭೆಯನ್ನೂ ನಡೆಸಿದವರಲ್ಲ.

ಜಗಲಿಯಲ್ಲಿ ಕೂತಿದ್ದ ಒಬ್ಬ ಅಜ್ಜಿಯ ಹತ್ತಿರ ಮಾತಾಡಿದೆ. ನಡುನಡುವೆ ತಮಿಳು ಬರುತ್ತದೆ, ಮಾತಿನ ಏರಿಳಿತವೂ ತಮಿಳಿನದೇ. ಆದರೂ ತಿಳಿಯುತ್ತದೆ. ಅವರಿಗೆ ನನ್ನ ಕನ್ನಡ ಅಷ್ಟು ಸಲೀಸಾಗಿ ತಿಳಿಯಲಿಲ್ಲ. ಪುಸ್ತಕದ ಪದ ಬಂದಾಗಲೆಲ್ಲ ಹುಬ್ಬು ಗಂಟಿಕ್ಕುತ್ತಿದ್ದರು. ಹಾಲು, ಮಳೆ, ಮನೆ, ಮಗು, ಬಾ, ಉಣ್ಣು ಎಂಬಲ್ಲೆಲ್ಲ ನಾವಿಬ್ಬರೂ ಒಂದೇ ಊರಿನವರು. "ಉಂಡು ಹೋಗವ್ವ" ಎಂದು ಅಕ್ಕನ ಮಗಳ ಕೈ ಹಿಡಿದುಕೊಂಡರು. ಉಂಡೆವು. ಪೊಂಗಲ್ ದಿನ, ಸಕ್ಕರೆ ಪೊಂಗಲ್ಲಿನ ಜೊತೆ ಕುಂಬಳ, ಅವರೆಕಾಳು, ಬದನೆ ಎಲ್ಲ ಹಾಕಿ ಕುದಿಸಿದ ಗಟ್ಟಿ ಸಾರು. ಕೊನೆಗೆ ಒಂದು ಗೊಂಚಲು ದ್ರಾಕ್ಷಿ.

ಲೋಯರ್ ಕ್ಯಾಂಪ್

ಜನವರಿ 15, ಗೂಡಲೂರಿನಾಚೆ ಘಟ್ಟದ ಬುಡ. ಒಬ್ಬ ಇಂಗ್ಲಿಷ್ ಎಂಜಿನಿಯರನ ಹುಟ್ಟುಹಬ್ಬಕ್ಕೆ ಹೆಂಗಸರು ಒಲೆ ಹೂಡಿ ಪೊಂಗಲ್ ಉಕ್ಕಿಸುತ್ತಿದ್ದಾರೆ. ಡೊಳ್ಳು, ಮಾಲೆ, ಆರತಿ. ಕರ್ನಲ್ ಜಾನ್ ಪೆನ್ನಿಕ್ವಿಕ್ ಹುಟ್ಟಿದ್ದು 1841ರಲ್ಲಿ, ಪುಣೆಯಲ್ಲಿ. ಇಲ್ಲಿನ ಸ್ಮಾರಕ ಮಂಟಪ 2013ರ ಇದೇ ತಾರೀಖಿಗೆ ತೆರೆಯಿತು. ಕಣಿವೆಯ ಚಹಾ ಅಂಗಡಿ, ಗೊಬ್ಬರದ ಅಂಗಡಿ, ಆಟೋದ ಗಾಜು, ಎಲ್ಲ ಕಡೆ ಅವನ ಮೀಸೆಯ ಚಿತ್ರ. ಮಗನಿಗೆ ಅವನ ಹೆಸರಿಟ್ಟ ಮನೆಗಳಿವೆ.

ಇದಕ್ಕೆ ಕಾರಣ ನೀರು. ಪೆರಿಯಾರ್ ಪಶ್ಚಿಮಕ್ಕೆ ಹರಿದು ಅರಬ್ಬಿ ಸಮುದ್ರ ಸೇರುವ ಹೊಳೆ. ಘಟ್ಟದ ಆ ಮಗ್ಗುಲಲ್ಲಿ ಮಳೆ ಸುರಿದು ಕಡಲಿಗೆ ಹೋಗುತ್ತಿತ್ತು, ಈ ಮಗ್ಗುಲಲ್ಲಿ ಮದುರೆ ಸೀಮೆ ಬರಗಾಲದಲ್ಲಿ ಸಾಯುತ್ತಿತ್ತು. 1876ರಿಂದ 78ರವರೆಗಿನ ಬರ ನಮ್ಮ ಮೈಸೂರು ಸೀಮೆಯನ್ನೂ ಹಿಂಡಿದ್ದು. 1886ರ ಅಕ್ಟೋಬರ್ 29ರಂದು ತಿರುವಾಂಕೂರಿನ ಮಹಾರಾಜರು ಪೆರಿಯಾರಿಗೆ ಅಣೆಕಟ್ಟೆ ಕಟ್ಟುವ ಜಾಗವನ್ನು 999 ವರ್ಷಕ್ಕೆ ಗುತ್ತಿಗೆ ಬರೆದುಕೊಟ್ಟರು. 1887ರಲ್ಲಿ ಪೆನ್ನಿಕ್ವಿಕ್‌ನ ಮೇಲ್ವಿಚಾರಣೆಯಲ್ಲಿ ಕೆಲಸ ಶುರುವಾಯಿತು. ಸುಣ್ಣ, ಸುರಕಿ, ಕಲ್ಲು. ಕಾಡು, ಮಲೇರಿಯಾ, ಕಟ್ಟಿದ್ದನ್ನು ಕೊಚ್ಚಿಕೊಂಡು ಹೋದ ಪ್ರವಾಹ. 1895ರ ಅಕ್ಟೋಬರ್ 10ರಂದು ನೀರು ಬಿಟ್ಟರು. ಒಂದು ಮೈಲಿಗೂ ಉದ್ದದ ಸುರಂಗ ಬೆಟ್ಟವನ್ನು ತೂರಿ ಬಂದು ನೀರನ್ನು ಇತ್ತ ಚೆಲ್ಲಿತು. ಅರಬ್ಬಿ ಸಮುದ್ರಕ್ಕೆ ಹೊರಟಿದ್ದ ನೀರು ಸುರುಳಿಯಾರಿನ ಮೂಲಕ ವೈಗೈ ಸೇರಿ ಪೂರ್ವದ ಕಡಲಿನ ಕಡೆ ತಿರುಗಿತು. ಇವತ್ತು ಅದೇ ನೀರು ಕೊಳವೆಗಳಲ್ಲಿ ಲೋಯರ್ ಕ್ಯಾಂಪಿನ ವಿದ್ಯುತ್ ಮನೆಗೆ ಇಳಿಯುತ್ತದೆ. ಹೆದ್ದಾರಿಯ ತಿರುವಿನಲ್ಲಿ ನಿಂತರೆ ಬೆಟ್ಟದ ಮೈಮೇಲೆ ಆ ಕೊಳವೆಗಳು ಕಾಣುತ್ತವೆ.

ಆಸ್ತಿ ಮಾರಿ, ಹೆಂಡತಿಯ ಒಡವೆ ಮಾರಿ ಕಟ್ಟಿದ ಎಂದು ಎಲ್ಲರೂ ಹೇಳುತ್ತಾರೆ. ಅಣೆಕಟ್ಟೆಗೆ ಹಣ ಕೊಟ್ಟದ್ದು ಮದ್ರಾಸ್ ಸರ್ಕಾರ. ಆದರೆ ಒಲೆಯ ಮುಂದೆ ಕೂತ ಹೆಂಗಸಿಗೆ ಆ ಲೆಕ್ಕ ಹೇಳಲು ನನಗೆ ಮನಸ್ಸಾಗಲಿಲ್ಲ. ಉಣ್ಣುವ ಅನ್ನಕ್ಕೆ ಕಾರಣನಾದವನನ್ನು ಅವಳು ಮನೆಯವನನ್ನಾಗಿ ಮಾಡಿಕೊಂಡಿದ್ದಾಳೆ, ಮನೆಯವನ ಮೇಲೆ ಇಂಥ ಕತೆ ಹುಟ್ಟುತ್ತದೆ. ನನ್ನನ್ನು ಕಾಡುವುದು ಬೇರೆ. ಕಲ್ಲು ಹೊತ್ತು, ಜ್ವರದಲ್ಲಿ ಸತ್ತು, ಆ ಕಾಡಿನಲ್ಲೇ ಮಣ್ಣಾದ ಕೂಲಿಗಳ ಹೆಸರಿಗೆ ಯಾವ ಒಲೆ ಉರಿಯುತ್ತದೆ? ಮಂಟಪದಲ್ಲಿ ಅದನ್ನೇ ಹುಡುಕಿದೆ.

ಗದ್ದೆ

ಲೋಯರ್ ಕ್ಯಾಂಪಿನಿಂದ ತೇನಿ ಹತ್ತಿರದ ಪಳನಿಚೆಟ್ಟಿಪಟ್ಟಿವರೆಗೆ 14,707 ಎಕರೆ, ವರ್ಷಕ್ಕೆ ಎರಡು ಬತ್ತದ ಬೆಳೆ. ಜಲಾಶಯದಲ್ಲಿ ನೀರಿದ್ದರೆ ಜೂನ್ ಒಂದಕ್ಕೆ ಬಿಡುವ ವಾಡಿಕೆ. ಈಗ ಎರಡನೇ ಬೆಳೆ ಮೊಳಕಾಲೆತ್ತರ ನಿಂತಿದೆ. ಕಾಲುವೆ ಪಕ್ಕದಲ್ಲಿ ನಡೆದೆವು. ನೀರು ತಣ್ಣಗಿತ್ತು, ಕಾಡಿನ ಎಲೆ ಕೊಳೆತ ಬಣ್ಣ.

ನೋಟೋದ ಶಿರೊಯೊನೆಯಲ್ಲಿ ಕಡಲಿಗೆ ಇಳಿಯುವ 1,004 ಗದ್ದೆಗಳಿವೆಯಂತೆ, ಕೆಲವು ಒಂದು ಚಾಪೆಯಷ್ಟೇ ಅಗಲ. 2024ರ ಜನವರಿ 1ರ ಭೂಕಂಪದಲ್ಲಿ ಅವು ಬಿರುಕುಬಿಟ್ಟವು. ವಾಜಿಮಾದ ಸಂತೆಬೀದಿ ಬೆಂಕಿಗೆ ಆಹುತಿಯಾಯಿತು. ಆ ವರ್ಷ ನಾಟಿ ಆದದ್ದು ಸುಮಾರು 120 ಗದ್ದೆಗಳಲ್ಲಿ ಮಾತ್ರ. "ಮುದುಕರೇ ಮಾವ ಎಲ್ಲ. ಹುಡುಗರು ಊರು ಬಿಟ್ಟಿದ್ದಾರೆ. ಆದ್ರೂ ಬಿರುಕಿಗೆ ಮಣ್ಣು ತುಂಬಿ ನಾಟಿ ಮಾಡಿದ್ರು" ಎಂದಳು ಅಕ್ಕನ ಮಗಳು. ಹೇಳುವಾಗ ಅವಳ ದನಿ ಕಟ್ಟಿತು. ಅಲ್ಲಿ ಅವಳಿಗೆ ಗುರುತಿನವರಿದ್ದಾರೆ.

ಈ ಕಣಿವೆಯ ಗದ್ದೆಗಳ ತಲೆಯ ಮೇಲೂ ಒಂದು ಭಯ ತೂಗುತ್ತಿದೆ. ನೂರಮೂವತ್ತು ವರ್ಷದ ಅಣೆಕಟ್ಟೆ ಒಡೆದರೆ ಎಂದು ಕೆಳಗಿರುವ ಕೇರಳದ ಜನ ಹೆದರುತ್ತಾರೆ, ನೀರು ನಿಂತರೆ ಎಂದು ಇವರು ಹೆದರುತ್ತಾರೆ. 2014ರಲ್ಲಿ ಸುಪ್ರೀಂ ಕೋರ್ಟು 142 ಅಡಿಯವರೆಗೆ ನೀರು ನಿಲ್ಲಿಸಬಹುದೆಂದು ಹೇಳಿತು. ಎರಡೂ ಭಯ ನಿಜವಾದವೇ. ಕಾವೇರಿಯ ದಡದಿಂದ ಬಂದ ನನಗೆ ಒಂದು ಕಡೆ ನಿಂತು ಮಾತಾಡಲು ಬಾಯಿ ಬರುವುದಿಲ್ಲ.

ದ್ರಾಕ್ಷಿ ಚಪ್ಪರ

ಕಲ್ಲುಕಂಬ, ತಂತಿಯ ಬಲೆ, ಮೇಲೆಲ್ಲ ಬಳ್ಳಿ. ಒಳಗೆ ತಲೆ ಬಗ್ಗಿಸಿ ಓಡಾಡಬೇಕು. ಹೆಂಗಸರು ಗೊಂಚಲನ್ನು ಅಂಗೈಯಲ್ಲಿ ತಾಳಿಕೊಂಡು ಸಣ್ಣ ಕತ್ತರಿಯಿಂದ ತೊಟ್ಟು ಕತ್ತರಿಸುತ್ತಾರೆ. ಒಡೆದ ಕಾಯಿಯನ್ನು ಉದುರಿಸಿ, ಹಣ್ಣಿನ ಮೇಲಿನ ಬೂದಿಬಣ್ಣ ಅಳಿಯದ ಹಾಗೆ ಕ್ರೇಟಿನಲ್ಲಿ ಮಲಗಿಸುತ್ತಾರೆ. ಬೆರಳು ತಾಗಿದ ಕಡೆ ಆ ಬೂದಿ ಹೋಗಿ ಕಡುನೇರಳೆ ಹೊಳೆಯುತ್ತದೆ. ಅಂಥ ಹಣ್ಣಿಗೆ ಬೆಲೆ ಕಮ್ಮಿ. ಇದು ಮಸ್ಕಟ್ ಹ್ಯಾಂಬರ್ಗ್ ತಳಿ, ಇಲ್ಲಿ ಪನ್ನೀರ್ ದ್ರಾಕ್ಷಿ. ಸಿಪ್ಪೆ ದಪ್ಪ, ಬೀಜ ಉಂಟು, ಕಚ್ಚಿದರೆ ಗುಲಾಬಿಯ ವಾಸನೆ. 1832ರಲ್ಲಿ ಒಬ್ಬ ಫ್ರೆಂಚ್ ಪಾದ್ರಿ ತಂದು ನೆಟ್ಟರೆಂದು ಹೇಳಿಕೆ. 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು.

ನನಗೆ ಅರ್ಥವಾಗದೆ ಹೋದದ್ದು ಕಾಲ. ನಮ್ಮ ವಿಜಯಪುರದಲ್ಲಿ ಏಪ್ರಿಲಿನಲ್ಲೊಂದು ಚಾಟ್ನಿ (ಬಳ್ಳಿ ಕತ್ತರಿಸುವುದು), ಅಕ್ಟೋಬರಿನಲ್ಲೊಂದು ಚಾಟ್ನಿ, ಹಣ್ಣು ಒಂದೇ ಸಲ. ಇಲ್ಲಿ ಒಂದು ತೋಟದಲ್ಲಿ ಕೊಯ್ಲು, ಪಕ್ಕದ ತೋಟದಲ್ಲಿ ಹೂವು, ಅದರಾಚೆ ಈಗಷ್ಟೇ ಕತ್ತರಿಸಿದ ಬೋಳು ಬಳ್ಳಿ. ವರ್ಷಕ್ಕೆ ಎರಡು ಬೆಳೆ, ಕೆಲವರಿಗೆ ಮೂರು. ಹದವಾದ ಬಿಸಿಲು, ಕೈಗೆಟಕುವ ನೀರು, ಕಡುಚಳಿ ಇಲ್ಲದ ಕಣಿವೆ. ರೈತ ತನಗೆ ಬೇಕಾದಾಗ ಕತ್ತರಿಸುತ್ತಾನೆ, ಬಳ್ಳಿ ಚಿಗುರುತ್ತದೆ. ವರ್ಷವಿಡೀ ದ್ರಾಕ್ಷಿ ಸಿಗುವ ಊರು ಇಂಡಿಯಾದಲ್ಲಿ ಇನ್ನೆಲ್ಲಿದೆ?

"ಮಳೆ ಬಂದ್ರೆ ಹಣ್ಣು ಬಿರಿಯುತ್ತೆ, ವ್ಯಾಪಾರಿ ಅರ್ಧಕ್ಕೆ ಕೇಳ್ತಾನೆ" ಎಂದು ತೋಟದವರು ಹೇಳಿದರು. ಗುಲಾಬಿ ವಾಸನೆ ಅವರಿಗೆ ಹೊಸದಲ್ಲ.

ಪರುತ್ತಿಪಾಲ್

ಸಂಜೆ ಕಂಬಂನಲ್ಲಿ ತಳ್ಳುಗಾಡಿ. ಹತ್ತಿಬೀಜವನ್ನು ನೆನೆಸಿ, ರುಬ್ಬಿ, ಹಿಂಡಿ ತೆಗೆದ ಹಾಲಿಗೆ ಅಕ್ಕಿಹಿಟ್ಟು, ಬೆಲ್ಲ, ಒಣಶುಂಠಿ, ಏಲಕ್ಕಿ. ಏಲಕ್ಕಿ ಪಕ್ಕದ ಬೋಡಿನಾಯಕನೂರಿನದೇ ಇರಬೇಕು, ಬೆಟ್ಟದ ಏಲಕ್ಕಿಯ ಹರಾಜು ನಡೆಯುವ ಪೇಟೆ ಅದು. ಗಟ್ಟಿಯಾದ ಪಾನೀಯ, ಗಂಟಲು ಬೆಚ್ಚಗಾಗುತ್ತದೆ. ಹಾವೇರಿ, ಧಾರವಾಡದಲ್ಲಿ ಅಷ್ಟು ಹತ್ತಿ ಬೆಳೆದೂ ನಾವೇಕೆ ಇದನ್ನು ಕುಡಿಯುವುದಿಲ್ಲ?

ಕಂಬಂ, ದನದ ಹಬ್ಬ

ಮಾಟ್ಟುಪ್ಪೊಂಗಲ್. ಪೇಟೆಯ ನಡುವೆ ನಂದಗೋಪಾಲನ ತೊಳು, ಅಂದರೆ ದೊಡ್ಡಿ. ಇಲ್ಲಿ ಪೂಜೆ ಸಲ್ಲುವುದು ಜೀವಂತ ದನಗಳಿಗೆ. ತಮಿಳಿನಲ್ಲಿ ತಂಬಿರಾನ್ ಮಾಡು. ಥರ್ಸ್ಟನ್ ಬರೆದಿಟ್ಟಿರುವ ಕನ್ನಡದ ಹೆಸರು ದೇವರ ಆವು. ಕನ್ನಡ ಸೀಮೆಯಿಂದ ಬರುವಾಗ ತಮ್ಮ ಜೊತೆ ಹೊಡೆದುಕೊಂಡು ಬಂದ ದನಗಳ ಸಂತತಿ ಇದು ಎಂದು ನಂಬಿಕೆ. ಹಸುವನ್ನು ಕರೆಯುವುದಿಲ್ಲ, ಹಾಲೆಲ್ಲ ಕರುವಿಗೆ. ಎತ್ತನ್ನು ಹೂಡುವುದಿಲ್ಲ, ಮಾರುವುದಿಲ್ಲ. ಸತ್ತರೆ ತೊಗಲು ಸುಲಿಯಲು ಕೊಡದೆ ಹೂಳುತ್ತಾರೆ. ಹರಕೆ ಹೊತ್ತವರು ಕರು ತಂದು ಒಪ್ಪಿಸುತ್ತಾರೆ.

ಹೋರಿಗಳಲ್ಲಿ ಒಂದಕ್ಕೆ ಪಟ್ಟ. ಅದನ್ನು ಆರಿಸುವ ಬಗೆ ಥರ್ಸ್ಟನ್ನನ ಪುಸ್ತಕದಲ್ಲಿದೆ: ಒಳ್ಳೆಯ ದಿನ ನೋಡಿ ಮಂದೆಯ ಮುಂದೆ ಕರ್ಪೂರ, ತೆಂಗಿನಕಾಯಿ, ವೀಳ್ಯ ಇಟ್ಟು ಕಬ್ಬಿನ ಕಟ್ಟು ಇಡುತ್ತಾರೆ. ಯಾವ ಹೋರಿ ಮೊದಲು ಬಂದು ಕಬ್ಬಿಗೆ ಬಾಯಿ ಹಾಕುತ್ತದೋ ಅದೇ ಅರಸು. ಅರಿಶಿನ, ಕುಂಕುಮ, ಹೂವು. ಅದು ಸಾಯುವವರೆಗೆ ಅದೇ ನಂದಗೋಪಾಲಸ್ವಾಮಿ.

ಕಾಲಿಡಲು ಜಾಗವಿರಲಿಲ್ಲ. ಕಬ್ಬು, ಬಾಳೆಹಣ್ಣು, ಅಗಸೆ ಸೊಪ್ಪಿನ ಕಟ್ಟು ಹೊತ್ತ ಜನ. ಒಬ್ಬ ರೈತ ಹೋರಿಯ ಮುಂದೆ ಕಬ್ಬು ಹಿಡಿದು ಕಣ್ಣುಮುಚ್ಚಿ ನಿಂತಿದ್ದರು. ಹೋರಿ ಮೂಸಿತು, ಬೇರೆ ಕಡೆ ಮುಖ ತಿರುಗಿಸಿತು. ಅವರು ಕದಲಲಿಲ್ಲ. ಕೊನೆಗೆ ತುದಿಯ ಎಲೆಯನ್ನು ಎಳೆದುಕೊಂಡು ಅಗಿಯತೊಡಗಿದಾಗ ಅವರ ಹೆಂಡತಿ ಗಟ್ಟಿಯಾಗಿ ಉಸಿರುಬಿಟ್ಟದ್ದು ನನಗೆ ಕೇಳಿಸಿತು. ಏನು ಕೇಳಿಕೊಂಡಿದ್ದರೋ, ಕೇಳುವ ಧೈರ್ಯ ನನಗಾಗಲಿಲ್ಲ.

ಇದೇ ಹೊತ್ತಿನಲ್ಲಿ ಅಕ್ಕನ ಮಗಳು ಕಿವಿಯ ಹತ್ತಿರ ಬಂದು ನೋಟೋದ ಆಎ ನೊ ಕೊತೊ ಎಂಬ ಆಚರಣೆಯನ್ನು ಹೇಳಿದಳು. ಡಿಸೆಂಬರಿನಲ್ಲಿ ಕೊಯ್ಲು ಮುಗಿದ ಮೇಲೆ ರೈತ ಗದ್ದೆಗೆ ಹೋಗಿ ಕಣ್ಣಿಗೆ ಕಾಣದ ದೇವರನ್ನು ಮನೆಗೆ ಕರೆತರುತ್ತಾನೆ. ಸ್ನಾನಕ್ಕೆ ಬಿಸಿನೀರು ತೋರಿಸುತ್ತಾನೆ, ಎಡೆ ಬಡಿಸುತ್ತಾನೆ. ದೇವರಿಗೆ ಕಣ್ಣು ಕಾಣುವುದಿಲ್ಲವೆಂದು ಇದು ಅನ್ನ, ಇದು ಮೀನು ಎಂದು ಒಂದೊಂದನ್ನೇ ಹೇಳುತ್ತಾನೆ. ಚಳಿಗಾಲವಿಡೀ ಮನೆಯಲ್ಲಿಟ್ಟುಕೊಂಡು ಫೆಬ್ರವರಿಯಲ್ಲಿ ಮತ್ತೆ ಗದ್ದೆಗೆ ಬಿಟ್ಟುಬರುತ್ತಾನೆ. 2009ರಲ್ಲಿ ಯುನೆಸ್ಕೊ ಅದನ್ನು ತನ್ನ ಪಟ್ಟಿಗೆ ಸೇರಿಸಿತು.

ನಾನು ಯೋಚಿಸಿದ್ದು: ಆ ರೈತನಿಗೂ ಈ ರೈತನಿಗೂ ಒಂದು ವಿಷಯದಲ್ಲಿ ಒಮ್ಮತವಿದೆ. ಅನ್ನ ಕೊಟ್ಟದ್ದಕ್ಕೆ ಅನ್ನವನ್ನೇ ತಿರುಗಿ ಕೊಡಬೇಕು, ಎದುರಿಗೆ ನಿಂತು, ಕೈಯಾರೆ. ಅದನ್ನು ನೋಡಲು ಜನ ವಿಮಾನ ಹತ್ತುತ್ತಾರೆ. ಇದನ್ನು ನೋಡಲು ಕನ್ನಡಿಗರೇ ಬಂದಿಲ್ಲ.

ಅದೇ ಸಂಜೆ, ದನಗಾಹಿಗಳ ಜೊತೆ

ತೊಳುವಿನ ದನಕ್ಕೆ ಭಕ್ತರ ಕಬ್ಬು ಇದೆ. ಕಣಿವೆಯ ಮಿಕ್ಕ ಬೆಟ್ಟದ ದನಗಳಿಗೆ ಏನಿದೆ? ಮಲೈ ಮಾಡು ಎನ್ನುವ ಇವು ಕೊಟ್ಟಿಗೆಯ ಪ್ರಾಣಿಗಳಲ್ಲ, ಕಾಡಂಚಿನಲ್ಲಿ ಮೇಯ್ದು ಬದುಕಿದವು. ಇವುಗಳ ಗೊಬ್ಬರಕ್ಕೆ ರೈತರು ಗದ್ದೆಯಲ್ಲಿ ಮಂದೆ ನಿಲ್ಲಿಸಿಕೊಂಡು ಹಣ ಕೊಡುತ್ತಿದ್ದರು. 2021ರಲ್ಲಿ ಶ್ರೀವಿಲ್ಲಿಪುತ್ತೂರು–ಮೇಘಮಲೈ ಹುಲಿ ಸಂರಕ್ಷಿತ ಪ್ರದೇಶವಾಯಿತು. 2022ರಲ್ಲಿ ಮದ್ರಾಸ್ ಹೈಕೋರ್ಟು ಹುಲಿ ಅರಣ್ಯ, ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ದನ ಮೇಯಿಸುವುದನ್ನು ನಿಷೇಧಿಸಿತು. ಹುಲಿ ಉಳಿಯಬೇಕು ಎನ್ನುವವರಲ್ಲಿ ನಾನೂ ಒಬ್ಬ. ವೈಗೈಯ ಮೂಲ ಆ ಕಾಡಿನಲ್ಲಿದೆ, ಅದು ಹೋದರೆ ಗದ್ದೆಯೂ ಇಲ್ಲ. ಆದರೆ ನನ್ನೆದುರು ಕೂತ ಗಾಹಿ, "ಸಾವಿರ ದನ ಇದ್ದ ಊರಲ್ಲಿ ಈಗ ಎಣಿಸಿ ಹೇಳ್ತೀನಿ" ಎಂದು ಬೆರಳು ಮಡಚತೊಡಗಿದಾಗ ನನ್ನ ನಿಲುವು ಸಡಿಲವಾಯಿತು. ಕಾಡನ್ನೂ ತಳಿಯನ್ನೂ ಒಟ್ಟಿಗೆ ಉಳಿಸುವ ದಾರಿಯನ್ನು ಇವರನ್ನು ಕೂರಿಸಿಕೊಂಡೇ ಹುಡುಕಬೇಕು. ಇವರಿಗೆ ಆ ಬೆಟ್ಟದ ಒಂದೊಂದು ಹಳ್ಳದ ಹೆಸರೂ ಗೊತ್ತು. ಕೆಲವು ಹೆಸರುಗಳನ್ನು ಅವರು ಹೇಳಿದ್ದು ಕನ್ನಡದಲ್ಲಿ.

ಕಣ್ಣಗಿಯ ಬೆಟ್ಟ

ಗೂಡಲೂರಿನ ಮೇಲಿನ ಬೆಟ್ಟದಲ್ಲಿ, ಎರಡು ರಾಜ್ಯಗಳ ಗಡಿಯಲ್ಲಿ, ಮಂಗಳಾದೇವಿ ಎಂದು ಕರೆಯುವ ಕಣ್ಣಗಿಯ ಪಾಳುಗುಡಿ ಇದೆ. ಗಂಡನಿಗೆ ಆದ ಅನ್ಯಾಯಕ್ಕೆ ಮದುರೆಯನ್ನು ಸುಟ್ಟು ಪಶ್ಚಿಮಕ್ಕೆ ನಡೆದು ಬಂದವಳು ಇಲ್ಲೇ ಬೆಟ್ಟ ಹತ್ತಿ ದೇವಿಯಾದಳೆಂದು ನಂಬಿಕೆ. ಬಾಗಿಲು ತೆರೆಯುವುದು ವರ್ಷಕ್ಕೆ ಒಂದೇ ದಿನ, ಚಿತ್ರಾ ಪೌರ್ಣಮಿಗೆ. ಇಡುಕ್ಕಿ, ತೇನಿ ಎರಡೂ ಜಿಲ್ಲಾಡಳಿತಗಳು ಸೇರಿ ಏರ್ಪಾಡು ಮಾಡುತ್ತವೆ. ಕುಮಳಿಯಿಂದ ಜೀಪು, ಈ ಕಡೆಯಿಂದ ಪಳಿಯಂಕುಡಿಯ ಕಾಲುದಾರಿ. ಹುಲಿಕಾಡಾದ್ದರಿಂದ ಕತ್ತಲಾಗುವ ಮೊದಲು ಇಳಿಯಬೇಕು.

ಈಗ ಬೆಟ್ಟಕ್ಕೆ ಮೋಡ ಕವಿದಿದೆ, ಊರವರು ಗುಡಿಯ ದಿಕ್ಕನ್ನು ಮಾತ್ರ ತೋರಿಸಿದರು.

ಮುಂದಿನ ಸಲಕ್ಕೆ

ಚಿತ್ರಾ ಪೌರ್ಣಮಿಗೆ ಪಳಿಯಂಕುಡಿಯಿಂದ ಹತ್ತುವುದು. ಈಗ ಮದುರೆಯಿಂದ ತೇನಿ ಮೂಲಕ ಬೋಡಿನಾಯಕನೂರಿನವರೆಗೆ ರೈಲಿದೆ, 2023ರಲ್ಲಿ ಮತ್ತೆ ಶುರುವಾಯಿತು. ಬೆಂಗಳೂರಿನಿಂದ ಮದುರೆಗೆ ಬಂದು ಅಲ್ಲಿ ಹತ್ತಬಹುದು.

ಅಜ್ಜಿಯ ಮಾತನ್ನು ಅವರು ಒಪ್ಪಿದರೆ ಧ್ವನಿಮುದ್ರಣ ಮಾಡಿಕೊಳ್ಳುವುದು: ಕಾಳುಗಳ ಹೆಸರು, ದನದ ಬಣ್ಣಗಳ ಹೆಸರು, ನೆಂಟಸ್ತಿಕೆಯ ಹೆಸರು, ಮದುವೆ ಹಾಡು. ಮದುರೆ ಕಾಮರಾಜ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ಹಳೆಯ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಈ ಕಣಿವೆ ಇದೆಯೇ ನೋಡುವುದು.

ಗಾಹಿಗಳು ಹೇಳಿದ ಹಳ್ಳಗಳ ಹೆಸರನ್ನು ನಕ್ಷೆಯ ಮೇಲೆ ಗುರುತಿಸುವುದು. ಅರಣ್ಯ ಇಲಾಖೆಯ ನಕ್ಷೆಯಲ್ಲಿ ಅವಕ್ಕೆ ಯಾವ ಹೆಸರಿದೆ?

ಅಕ್ಕನ ಮಗಳ ಪ್ರಶ್ನೆ, ಅವಳದೇ ಕೈಬರಹದಲ್ಲಿ: "ಅಂಗಡಿ ಯಜಮಾನರ ಮೊಮ್ಮಕ್ಕಳು ಕೊಯಮತ್ತೂರಿನಲ್ಲಿ ಓದ್ತಿದ್ದಾರೆ. ಅವರಿಗೆ ಕನ್ನಡ ಬರುತ್ತಾ? ಕೇಳಬೇಕಿತ್ತು. ಕೇಳಿಲ್ಲ. ಮಾವ, ನೀವು ಹೋದಾಗ ಕೇಳಿ ನನಗೆ ಬರೀರಿ."